ಪರಾರಿ ಮೀಮಾಂಸೆ: ಮಾನೇಸರಿನಲ್ಲಿ ನೋಟಿಸ್ ಕೊಡದೆ ಕೆಲಸ ಬಿಟ್ಟವರ ಕುರಿತು ಒಂದು ಶಾಸ್ತ್ರೀಯ ಅಧ್ಯಯನ

ಅಧ್ಯಾಯ 1: ಪ್ರಸ್ತಾವನೆ, ವ್ಯಾಪ್ತಿ ಮತ್ತು ಮಿತಿ

ಅಥ ಪರಾರಿಶಾಸ್ತ್ರಮ್.

ಉದ್ಯೋಗಿಯು ಉದ್ಯೋಗದಾತನಿಗೆ ನಿಗದಿತ ಅವಧಿಯ ಮುನ್ಸೂಚನೆ ನೀಡದೆ, ನೋ-ಡ್ಯೂಸ್ ಪತ್ರದ ಒಂಬತ್ತು ಸಹಿಗಳನ್ನು ಸಂಪಾದಿಸದೆ, ಎಕ್ಸಿಟ್ ಇಂಟರ್‌ವ್ಯೂ ಎಂಬ ಅಂತಿಮ ಸಂಸ್ಕಾರಕ್ಕೆ ಒಳಗಾಗದೆ, ಕಾರ್ಯಸ್ಥಳದಿಂದ ತನ್ನ ಪಾಂಚಭೌತಿಕ ಶರೀರವನ್ನು ಹಿಂತೆಗೆದುಕೊಳ್ಳುವ ಕ್ರಿಯೆಗೆ ಮಾನವ ಸಂಪನ್ಮೂಲ ಶಾಸ್ತ್ರದಲ್ಲಿ ‘ಅಬ್‌ಸ್ಕಾಂಡಿಂಗ್’ ಎಂದು ಹೆಸರು. ಪೊಲೀಸ್ ಠಾಣೆಯ ಗೋಡೆಗೆ ಯಾರ ಫೋಟೊ ಅಂಟಿಸುತ್ತಾರೋ ಅವರಿಗೂ ಇದೇ ಹೆಸರು. ಈ ಸಾಮ್ಯ ಆಕಸ್ಮಿಕವೆಂದು ಕೆಲವು ವಿದ್ವಾಂಸರು, ಅಲ್ಲವೆಂದು ಕೆಲವರು. ಪ್ರಸ್ತುತ ಲೇಖಕನು ಎರಡನೆಯ ಪಂಥದವನು.

ಈ ವಿಷಯದ ಮೇಲೆ ಕನ್ನಡದಲ್ಲಿ ಇದುವರೆಗೆ ಗಂಭೀರ ಅಧ್ಯಯನ ನಡೆದಿಲ್ಲ. ಪಿಎಚ್.ಡಿ. ಪ್ರಬಂಧಗಳ ಮೊದಲ ಪುಟದಲ್ಲಿ ಈ ವಾಕ್ಯ ಕಡ್ಡಾಯವಾದ್ದರಿಂದ ಇಲ್ಲಿಯೂ ಬರೆದಿದ್ದೇನೆ. ಅಧ್ಯಯನಕ್ಕೆ ಪ್ರೇರಣೆಯಾದದ್ದು ಮಾನೇಸರಿನ ಒಂದು ಬಿಡಿಭಾಗ ಕಾರ್ಖಾನೆಯ ತರಬೇತಿ ಕೋಣೆಯಲ್ಲಿ ‘ಉದ್ಯೋಗಿಯ ಜೀವನಚಕ್ರ ಮತ್ತು ಗೌರವಯುತ ನಿರ್ಗಮನ’ ಎಂಬ ವಿಷಯದ ಮೇಲೆ ಜೂನ್ ತಿಂಗಳ ಮಧ್ಯಾಹ್ನ ನಡೆದ ಉಪನ್ಯಾಸ. ಏಸಿ ಕೈಕೊಟ್ಟಿತು, ಸ್ಲೈಡುಗಳು ಕೈಕೊಡಲಿಲ್ಲ. ಉದ್ಯೋಗಿಯನ್ನು ಚಿಟ್ಟೆಯ ಚಿತ್ರದ ಮೂಲಕ ವಿವರಿಸಲಾಯಿತು. ಆಫರ್ ಲೆಟರ್ ಎಂಬುದು ಮೊಟ್ಟೆ, ಪ್ರೊಬೇಷನ್ ಎಂಬುದು ಕಂಬಳಿಹುಳು, ಕನ್‌ಫರ್ಮೇಷನ್ ಎಂಬುದು ಗೂಡು. ರೆಕ್ಕೆ ಬಂದ ಚಿಟ್ಟೆಯು ತೊಂಬತ್ತು ದಿನ ಮುಂಚಿತವಾಗಿ ಲಿಖಿತವಾಗಿ ತಿಳಿಸದೆ ಹಾರಿಹೋದರೆ ಅದರ ಮೇಲೆ ಯಾವ ಯಾವ ಕ್ರಮ ಜರುಗಿಸಬಹುದು ಎಂಬುದು ಕೊನೆಯ ಸ್ಲೈಡು, ಕೆಂಪು ಅಕ್ಷರಗಳಲ್ಲಿ. ಪ್ರಶ್ನೆಗಳಿದ್ದರೆ ಕೇಳಬಹುದು ಅಂದರು. ಹಿಂದಿನ ಸಾಲಿನಿಂದ ಒಬ್ಬ ಚಹಾ ಎಷ್ಟೊತ್ತಿಗೆ ಎಂದು ಕೇಳಿದ.

ಸಂಶೋಧನಾ ವಿಧಾನ: ಗುಣಾತ್ಮಕ. ಅಂದರೆ ಕಾಸನ್, ನಹರ್‌ಪುರ, ಅಲಿಯರ್, ಢಾಣಾ ಗ್ರಾಮಗಳ ಬಾಡಿಗೆ ಕೋಣೆಗಳಲ್ಲಿ, ಬಿ ಶಿಫ್ಟ್ ಮುಗಿಸಿ ಬಂದವರು ಅನ್ನ ಬೇಯುವವರೆಗೆ ಆಡಿಕೊಂಡದ್ದನ್ನು ಕೇಳಿಸಿಕೊಂಡದ್ದು. ವ್ಯಾಪ್ತಿ: ಕರ್ನಾಟಕದಿಂದ ಹೋದ ಐಟಿಐ, ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ಪದವೀಧರರು. ಮಿತಿ: ಸಂಶೋಧಕನಿಗೆ ನಡುನಡುವೆ ಸಿಟ್ಟು ಬರುತ್ತದೆ, ಆಗ ಪರಿಭಾಷೆ ಕೈತಪ್ಪುತ್ತದೆ.

ಅಧ್ಯಾಯ 2: ಪರದೇಶ ನಿರ್ಣಯಾಧಿಕರಣ

ಸಂಶಯ: ಮಾನೇಸರ್ ಪರದೇಶವೋ, ಅಲ್ಲವೋ?

ಪೂರ್ವಪಕ್ಷ: ಅಲ್ಲ. ಅದು ಹರಿಯಾಣ ರಾಜ್ಯದ ಗುರುಗ್ರಾಮ ಜಿಲ್ಲೆಯಲ್ಲಿದೆ. ದೆಹಲಿಯಿಂದ ಜೈಪುರಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಸರ್ಕಾರವೇ ಕಟ್ಟಿದ ಕೈಗಾರಿಕಾ ಮಾದರಿ ನಗರ. ಹೋಂಡಾ ಸ್ಕೂಟರು, ಮಾರುತಿ ಸುಜುಕಿ ಕಾರುಗಳು ಇಲ್ಲೇ ತಯಾರಾಗುತ್ತವೆ. ರಾಷ್ಟ್ರೀಯ ಭದ್ರತಾ ಪಡೆಯ ಕಮಾಂಡೋಗಳೂ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವೂ ಇರುವ ಊರು. ಬುದ್ಧಿ, ಬಲ ಎರಡೂ ಕೇಂದ್ರ ಸರ್ಕಾರದ ಅಧೀನ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ಆಧಾರ್ ಸಾಕು.

ಸಿದ್ಧಾಂತ: ಹೌದು, ಪರದೇಶವೇ. ಅದಕ್ಕೆ ಹೇತುಗಳು ಐದು. ಒಂದು, ಭೌಗೋಳಿಕ: ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿಯಿಂದ ಬೆಂಗಳೂರು ತಲುಪಲು ಸುಮಾರು 40 ಗಂಟೆ ತೆಗೆದುಕೊಳ್ಳುತ್ತದೆ, ಮಂಗಳೂರಿನಿಂದ ದುಬೈ ನಾಲ್ಕು ಗಂಟೆಯ ಹಾದಿ. ಎರಡು, ಪಾಕಶಾಸ್ತ್ರೀಯ: ಕ್ಯಾಂಟೀನಿನಲ್ಲಿ ಅನ್ನ ಕೇಳಿದರೆ ‘ಹುಷಾರಿಲ್ಲವೇ?’ ಎಂದು ಕೇಳುತ್ತಾರೆ. ಮೂರು, ಭಾಷಿಕ: ಇಲ್ಲಿನ ಹರಿಯಾಣವಿಯಲ್ಲಿ ಪ್ರೀತಿಯಿಂದ ಮಾತಾಡಿಸಿದರೂ ಬೈದ ಹಾಗೆ ಕೇಳುತ್ತದೆ, ಮೇಸ್ತ್ರಿ ನಿಜವಾಗಿ ಬೈದಾಗ ವ್ಯತ್ಯಾಸ ಗುರುತಿಸಲು ಒಂದು ವರ್ಷ ಬೇಕು. ನಾಲ್ಕು, ಸಾಂಸ್ಥಿಕ: ದೆಹಲಿ ಕರ್ನಾಟಕ ಸಂಘ ರಾವ್ ತುಲಾ ರಾಮ್ ಮಾರ್ಗದಲ್ಲಿದೆ, ರಾಜ್ಯೋತ್ಸವಕ್ಕೆ ಅಲ್ಲಿಗೆ ಹೋಗಬೇಕೆಂದರೆ ಭಾನುವಾರ ರಜೆ ಸಿಗಬೇಕು. ಐದು, ಆತ್ಯಂತಿಕ: ಊರಿನಿಂದ ಸಾವಿನ ಸುದ್ದಿ ಬಂದರೆ ಎಲ್ಲಿಂದ ಹೊರಟವನು ಮಣ್ಣಿಗೆ ಮುಟ್ಟಲಾರನೋ ಅದು ಪರದೇಶ.

ಐದನೆಯ ಹೇತು ಒಂದೇ ಸಾಕಿತ್ತು. ಆದರೆ ಒಂದೇ ಹೇತುವಿನ ಪ್ರಬಂಧಕ್ಕೆ ಪದವಿ ಕೊಡುವುದಿಲ್ಲ.

ನಿಜವಾದ ಪರದೇಶದ ಸ್ಥಿತಿಯನ್ನೂ ತೌಲನಿಕವಾಗಿ ನೋಡುವುದು ಯುಕ್ತ. ಭಟ್ಕಳ, ಉಡುಪಿ, ಮಂಗಳೂರಿನ ಮನೆಮನೆಗೆ ಗೊತ್ತಿರುವ ಕೊಲ್ಲಿ ರಾಷ್ಟ್ರಗಳಲ್ಲಿ ಇದಕ್ಕೊಂದು ಪ್ರೌಢ ವ್ಯವಸ್ಥೆ ಇದೆ. ಸೌದಿಯಲ್ಲಿ ಮಾಲೀಕನಾದವನು ‘ಇವನು ಕೆಲಸಕ್ಕೆ ಬಂದಿಲ್ಲ’ ಎಂದು ವರದಿ ಹಾಕಿದರೆ ಅದು ‘ಹುರೂಬ್’. ಮೊದಲೆಲ್ಲ ಅಲ್ಲಿಂದಾಚೆಗೆ ಅವನ ಇಕಾಮಾಕ್ಕೆ, ಅಂದರೆ ವಾಸದ ಪರವಾನಗಿಗೆ, ಬೆಲೆಯಿರುತ್ತಿರಲಿಲ್ಲ, ಅವನು ದೇಶದಲ್ಲಿರುವುದೇ ಅಪರಾಧವಾಗುತ್ತಿತ್ತು. ಸಂಬಳ ಕೊಡದ ಮಾಲೀಕನ ಮೇಲೆ ದೂರು ಕೊಡಲು ಹೊರಟವನ ಮೇಲೆಯೇ ಮಾಲೀಕ ಮೊದಲು ಹುರೂಬ್ ಹಾಕಿದ ಕಥೆಗಳಿಗೆ ಕರಾವಳಿಯಲ್ಲಿ ಬರವಿಲ್ಲ. 2021ರ ಮಾರ್ಚ್‌ನಲ್ಲಿ ಸೌದಿ ಸರ್ಕಾರ ನಿಯಮ ಸಡಿಲಿಸಿ, ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ದಾರಿ ಮಾಡಿತು. ಮನೆಗೆಲಸದವರನ್ನು ಅದರಿಂದ ಹೊರಗಿಟ್ಟಿತು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2022ರಿಂದ ಜಾರಿಯಲ್ಲಿರುವ ಕಾನೂನಿನಂತೆ ನೋಟಿಸ್ ಅವಧಿ 30ರಿಂದ 90 ದಿನ. ಹೇಳದೆ ಕೇಳದೆ ಬಿಟ್ಟರೆ ಒಂದು ವರ್ಷ ಹೊಸ ಕೆಲಸದ ಪರವಾನಗಿ ಇಲ್ಲ. ಮಾನೇಸರಿನಲ್ಲಿ ಇಷ್ಟೆಲ್ಲ ಇಲ್ಲ. ಇಲ್ಲಿ ರಿಲೀವಿಂಗ್ ಲೆಟರ್ ಕೊಡುವುದಿಲ್ಲ, ಅಷ್ಟೆ. ಮಿಕ್ಕಿದ್ದನ್ನು ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ನೋಡಿಕೊಳ್ಳುತ್ತದೆ.

ಅಧ್ಯಾಯ 3: ಆಕರ ವಿಚಾರ, ಅಥವಾ ಕೌಟಿಲ್ಯನಿಂದ ಎಚ್‌ಆರ್‌ವರೆಗೆ

ಪ್ರತಿ ಶಾಸ್ತ್ರಕ್ಕೂ ಒಬ್ಬ ಆದಿಪುರುಷ ಬೇಕು. ನಮ್ಮವನು ಕೌಟಿಲ್ಯ. ಅವನನ್ನು ಲೋಕಕ್ಕೆ ಮರಳಿಸಿದ್ದು ಕನ್ನಡ ನೆಲವೇ ಎಂಬುದು ಹೆಮ್ಮೆಯ ಸಂಗತಿ: ‘ಅರ್ಥಶಾಸ್ತ್ರ’ದ ತಾಳೆಗರಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು 1905ರಲ್ಲಿ, ಅಚ್ಚು ಹಾಕಿಸಿದ್ದು 1909ರಲ್ಲಿ. ಅದರ ಮೂರನೆಯ ಅಧಿಕರಣದಲ್ಲಿ, ಕೂಲಿ ಪಡೆದು ಕೆಲಸ ಮಾಡದವನಿಗೆ 12 ಪಣ ದಂಡ, ಮುಗಿಸುವವರೆಗೆ ತಡೆದಿಡುವುದು ಎಂಬ ವಿಧಿ ಇದೆ. ಅದೇ ಜಾಗದಲ್ಲಿ ಇನ್ನೊಂದು ಚರ್ಚೆ. ಕೆಲಸಗಾರ ಬಂದು ನಿಂತಿದ್ದಾನೆ, ಮಾಲೀಕ ಕೆಲಸ ಕೊಡಲಿಲ್ಲ. ಆಗ ಕೆಲಸ ಆದಂತೆಯೇ ಲೆಕ್ಕ ಎನ್ನುತ್ತಾರೆ ಹಿಂದಿನ ಆಚಾರ್ಯರು. ಇಲ್ಲ, ಮಾಡಿದ ಕೆಲಸಕ್ಕೆ ಕೂಲಿಯೇ ಹೊರತು ಮಾಡದ್ದಕ್ಕಲ್ಲ ಎನ್ನುತ್ತಾನೆ ಕೌಟಿಲ್ಯ. ಬಿಡಿಭಾಗ ಬಂದಿಲ್ಲವೆಂದು ಲೈನ್ ನಿಲ್ಲಿಸಿ, ಗೇಟಿನ ತನಕ ಬಂದವರನ್ನು ವಾಪಸು ಕಳಿಸುವ ದಿನ ಮಾನೇಸರಿನ ಠೇಕೇದಾರ ಹೇಳುವುದೂ ಇದನ್ನೇ. ಅವನು ಕೌಟಿಲ್ಯನನ್ನು ಓದಿಲ್ಲ. ಪರಂಪರೆ ಎಂದರೆ ಹೀಗೆ, ಓದದೆಯೂ ಹರಿಯುತ್ತದೆ.

ಸಂಘಗಳ ಮೂಲಕ ಬಂದ ಕೆಲಸಗಾರರಿಗೆ ಮಾತ್ರ ಕೌಟಿಲ್ಯ ಒಪ್ಪಿದ ಗಡುವಿನ ಮೇಲೆ ಏಳು ರಾತ್ರಿ ರಿಯಾಯಿತಿ ಕೊಟ್ಟ. ಆಮೇಲೆ ಬದಲಿ ಜನರನ್ನು ತಂದು ಕೆಲಸ ಮುಗಿಸಿಕೊಡಬೇಕು. ಏಳು ರಾತ್ರಿ ಎಂಬುದು ಕೌಟಿಲ್ಯನ ಕಾಠಿಣ್ಯ. ಇವತ್ತು ಅದು ತೊಂಬತ್ತು ಹಗಲು, ತೊಂಬತ್ತು ರಾತ್ರಿ, ಜೊತೆಗೆ ನಾಲೆಜ್ ಟ್ರಾನ್ಸ್‌ಫರ್.

ಮಧ್ಯಯುಗವನ್ನು ಒಂದೇ ವಾಕ್ಯದಲ್ಲಿ ದಾಟೋಣ: ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಭಂಡಾರದ ಲೆಕ್ಕ ಕಾಸಿಗೆ ಕಾಸು ಸರಿಯಿದೆಯೆಂದು ತೋರಿಸಿಕೊಟ್ಟ ಕಥೆಯನ್ನು ಕನ್ನಡದ ಮೊದಲ ನೋ-ಡ್ಯೂಸ್ ಪತ್ರವೆಂದು ಪರಿಗಣಿಸಲು ಅಡ್ಡಿಯಿಲ್ಲ.

ಶಾಸ್ತ್ರ ಪ್ರೌಢಾವಸ್ಥೆಗೆ ಬಂದದ್ದು ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂದ ಮೇಲೆ. 1859ರ 13ನೇ ಕಾಯಿದೆಯಂತೆ, ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಮಾತು ಕೇಳದಿದ್ದರೆ ಜೈಲು. ಅದರ ಮರುವರ್ಷ ಬಂದ ದಂಡ ಸಂಹಿತೆಯ 492ನೇ ಕಲಮು ಇನ್ನೂ ರಸವತ್ತಾದದ್ದು. ಮಾಲೀಕನು ತನ್ನ ಖರ್ಚಿನಲ್ಲಿ ದೂರದ ಊರಿಗೆ ಕರೆದೊಯ್ದ ಕೆಲಸಗಾರ, ಮೂರು ವರ್ಷದೊಳಗಿನ ಕರಾರು ಮುಗಿಯುವ ಮೊದಲೇ ಕೆಲಸ ಬಿಟ್ಟುಹೋದರೆ ಒಂದು ತಿಂಗಳು ಸೆರೆ, ಅಥವಾ ಪ್ರಯಾಣದ ಖರ್ಚಿನ ಎರಡರಷ್ಟು ದಂಡ, ಅಥವಾ ಎರಡೂ. ಈಗ ‘ರಿಲೊಕೇಷನ್ ಅಲವೆನ್ಸ್ ವಸೂಲಿ’ ಎಂಬ ಷರತ್ತನ್ನು ಓದಿದವರಿಗೆ 492ರ ಗಂಧ ಮೂಗಿಗೆ ಬಡಿಯದೆ ಇರದು. ವ್ಯತ್ಯಾಸವಿಷ್ಟೆ, ಆಗಿನವರು ಟಿಕೆಟ್ ದುಡ್ಡಿನ ಎರಡರಷ್ಟು ಕೇಳಿದರು, ಈಗಿನವರು ಮೂರು ತಿಂಗಳ ಗ್ರಾಸ್ ಸಂಬಳ ಕೇಳುತ್ತಾರೆ.

1925ರಲ್ಲಿ ಕಾನೂನು ಸಭೆ ಎರಡನ್ನೂ ರದ್ದು ಮಾಡಿತು. ಕೆಲಸ ಬಿಡುವುದು ಅಪರಾಧವಲ್ಲ ಎಂದು ಒಪ್ಪಿಕೊಳ್ಳಲು ಬ್ರಿಟಿಷರಿಗೆ ಅರವತ್ತಾರು ವರ್ಷ ಹಿಡಿಯಿತು. ಕೊಡಗಿನ ಕಾಫಿ ತೋಟದವರಿಗೆ ಅಷ್ಟು ಬೇಗ ಒಪ್ಪಿಗೆಯಾಗಲಿಲ್ಲ; ಅವರಿಗಾಗಿ 1926ರಲ್ಲಿ ಪ್ರತ್ಯೇಕ ಕೊಡಗು ಕಾರ್ಮಿಕ ಕಾಯಿದೆಯೇ ಬಂತು. ಘಟ್ಟದ ಮೇಲೆ ಕೂಲಿಗೆ ಹೋಗಿ ಮುಂಗಡ ತೀರದೆ ರಾತ್ರೋರಾತ್ರಿ ಇಳಿದು ಬಂದವರ ಕಥೆಗಳನ್ನು ಮೈಸೂರು, ದಕ್ಷಿಣ ಕನ್ನಡದ ಮುದುಕರು ಹೇಳುವುದುಂಟು. ಆ ಇಳಿದು ಬಂದವರೇ ನಮ್ಮ ಪರಂಪರೆಯ ಪೂರ್ವಸೂರಿಗಳು.

ಸ್ವತಂತ್ರ ಭಾರತದ ಕಾನೂನು ಸ್ಪಷ್ಟವಾಗಿದೆ. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ ಪ್ರಕಾರ ಯಾವ ನ್ಯಾಯಾಲಯವೂ ಒಬ್ಬನನ್ನು ಇಂಥವನ ಕೈಕೆಳಗೇ ದುಡಿ ಎಂದು ಬಲವಂತ ಮಾಡುವಂತಿಲ್ಲ. ಹೆಚ್ಚೆಂದರೆ ನಷ್ಟ ಕಟ್ಟಿಕೊಡು ಎನ್ನಬಹುದು. ಹಾಗೆ ಕಟ್ಟಿಸಿಕೊಂಡ ಪ್ರಕರಣವೊಂದು ನಮ್ಮ ಕರ್ನಾಟಕದ್ದೇ. 1931ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಸೇವೆ ಪೂರೈಸುವ ಮೊದಲೇ 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಬಾಂಡಿನಂತೆ ಎರಡು ಲಕ್ಷ ರೂಪಾಯಿ ಕಟ್ಟಿ, ಅದನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರ ಹೇಳಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಬ್ಯಾಂಕೇ ಇರಲಿಲ್ಲ. 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಗಿತ್ತು. ಮಂಗಳೂರಿನ ಜನ ತಮ್ಮ ಬ್ಯಾಂಕು ಬೇಕು ಎಂದು ಬೀದಿಗಿಳಿದು ಕೂಗಿದರು. ಅವರಿಗೆ ಯಾರೂ ಬಾಂಡ್ ಬರೆದುಕೊಟ್ಟಿರಲಿಲ್ಲ.

ಅಧ್ಯಾಯ 4: ಪರಾರಿಗಳ ಅಷ್ಟವಿಧ ವರ್ಗೀಕರಣ

ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದ ನಾಡಿನಲ್ಲಿ ಪರಾರಿಗಳೂ ಎಂಟು ಬಗೆಯಿರಬೇಕು.

1. ವೇತನಾನಂತರ ಪರಾರಿ. ತಿಂಗಳ ಏಳನೇ ತಾರೀಖು ಸಂಬಳ ಖಾತೆಗೆ ಬಿದ್ದ ಮೆಸೇಜು ಬಂದ ಕೂಡಲೇ ಕಾಣೆಯಾಗುವವನು. ಲಕ್ಷಣ: ಆರನೇ ತಾರೀಖು ಎಲ್ಲರೊಂದಿಗೂ ಅತಿ ವಿನಯದಿಂದ ಮಾತಾಡುತ್ತಾನೆ. ಸಾಲ ಕೊಟ್ಟವರು ಈ ವಿನಯವನ್ನು ಗುರುತಿಸುವುದರಲ್ಲಿ ಎಚ್‌ಆರ್‌ಗಿಂತ ಚುರುಕು.

2. ಉತ್ಸವಾಂತರ್ಗತ ಪರಾರಿ. ಬಿಹಾರದವರು ಛಠ್ ಪೂಜೆಗೆ, ನಮ್ಮವರು ಊರ ಜಾತ್ರೆಗೆ ಎಂದು ಹೋಗಿ ಬಾರದೆ ಉಳಿಯುವುದು. ರಜೆ ಮುಗಿದ ಎಂಟು ದಿನದೊಳಗೆ ಮರಳದಿದ್ದರೆ ಹುದ್ದೆಯ ಮೇಲಿನ ಹಕ್ಕು ಹೋಯಿತು ಎಂದು 1946ರ ಮಾದರಿ ಸ್ಥಾಯಿ ಆದೇಶಗಳು ಹೇಳಿದ್ದವು. ಜಾತ್ರೆಯಲ್ಲಿ ತೇರು ಎಳೆದ ಮೇಲೆ ಓಕುಳಿ, ಓಕುಳಿಯ ಮೇಲೆ ಕುಸ್ತಿ. ಎಂಟು ದಿನ ಯಾತಕ್ಕೂ ಸಾಲದು.

3. ಉಭಯಪತ್ರಧಾರಿ ಪರಾರಿ. ಜೇಬಿನಲ್ಲಿ ಎರಡು ಆಫರ್ ಲೆಟರ್ ಇಟ್ಟುಕೊಂಡು ಮೂರನೆಯದರ ನಿರೀಕ್ಷೆಯಲ್ಲಿರುವ ಇಂಜಿನಿಯರ್. ಹೊಸ ಕಂಪನಿ ಹದಿನೈದು ದಿನದಲ್ಲಿ ಬಾ ಎನ್ನುತ್ತದೆ, ಹಳೆಯದು ತೊಂಬತ್ತು ದಿನ ಹೋಗಬೇಡ ಎನ್ನುತ್ತದೆ. ತಮಾಷೆಯೆಂದರೆ ಹೊಸ ಕಂಪನಿಯೂ ತನ್ನಿಂದ ಹೊರಡುವವರಿಗೆ ತೊಂಬತ್ತು ದಿನವನ್ನೇ ವಿಧಿಸಿರುತ್ತದೆ. ಬೇರೆಯವರ ಮನೆಯ ಗೋಡೆ ಹಾರುವುದು ಚಟುವಟಿಕೆ, ತನ್ನ ಮನೆಯದು ಹಾರಿದರೆ ಅನೀತಿ ಎಂಬುದು ಈ ಕೈಗಾರಿಕಾ ಮಾದರಿ ನಗರದ ಧರ್ಮಶಾಸ್ತ್ರ.

4. ಆಪತ್ಕಾಲೀನ ಪರಾರಿ. ಉದಾಹರಣೆ: ಯಾದಗಿರಿ ಕಡೆಯ ಹುಡುಗ, ಐಟಿಐ ಫಿಟ್ಟರ್, ಟ್ರೇನಿ. ಅಪ್ಪ ಹೊಲದಲ್ಲೇ ಕುಸಿದುಬಿದ್ದ ಸುದ್ದಿ ಸಂಜೆ ಶಿಫ್ಟಿನ ನಡುವೆ ಬಂತು. ಫೋನು ಲಾಕರಿನಲ್ಲಿತ್ತು, ಆದ್ದರಿಂದ ಬಂದದ್ದು ರಾತ್ರಿ ಅವನಿಗೆ ಗೊತ್ತಾಯಿತು. ಸೂಪರ್‌ವೈಸರ್ ಎರಡು ದಿನ ರಜೆ ಕೊಟ್ಟ. ದೆಹಲಿಯಿಂದ ಯಾದಗಿರಿಗೆ ರೈಲಿನಲ್ಲಿ ಒಂದು ರಾತ್ರಿ, ಒಂದು ಹಗಲು, ಮತ್ತೆ ಅರ್ಧ ರಾತ್ರಿ. ಎರಡು ದಿನದ ರಜೆಯ ಅರ್ಥ, ಯಾದಗಿರಿ ಪ್ಲಾಟ್‌ಫಾರಂ ಮೇಲೆ ಇಳಿದು, ಎದುರಿನ ಪ್ಲಾಟ್‌ಫಾರಂನಲ್ಲಿ ವಾಪಸು ಹತ್ತಬೇಕು. ಅವನು ಊರಿಗೆ ಹೋದ. ಮಣ್ಣು ಆಗಿಹೋಗಿತ್ತು. ಮನೆಯಲ್ಲಿ ಉಳಿದವಳು ಅವ್ವ, ಮತ್ತೆ ಹತ್ತಿ ಬಿಡಿಸಲು ನಿಂತ ಹೊಲ. ಅವನು ಉಳಿದುಬಿಟ್ಟ.

ಕಂಪನಿಯಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಕಾಗದ ಬಂತು, ಇಂಗ್ಲಿಷಿನಲ್ಲಿ. ಹನ್ನೊಂದನೇ ದಿನದ ಊಟಕ್ಕೆ ಬೀಗರು ಕೂತಿದ್ದಾಗಲೇ ಬಂತು. ಸಹಿ ಹಾಕಿಸಿಕೊಂಡ ಅಂಚೆಯವನು ಒಳಗೇನಿದೆ ಎಂದು ನೋಡಿ, ಸರಿಯಾಗಿ ತಿಳಿಯದೆ, ಊಟಕ್ಕೆ ಬಂದಿದ್ದ ಮಾಸ್ತರರ ಕೈಗೆ ಕೊಟ್ಟ. ಮಾಸ್ತರರು ಕನ್ನಡಕ ಏರಿಸಿಕೊಂಡು ಓದಿ, ‘ಓಡಿಹೋಗ್ಯಾನಂತ ಬರದಾರ’ ಅಂದರು. ಎಲ್ಲರೂ ಹುಡುಗನ ಮುಖ ನೋಡಿದರು. ಅವ್ವ ಅಡುಗೆ ಮನೆಯಿಂದ ಹೊರಗೆ ಬಂದು, ಜನರೆಲ್ಲ ಕೇಳುವಂತೆ, ‘ಏನರ ಕಳವು ಮಾಡಿ ಬಂದೀಯೇನೋ ತಮ್ಮಾ?’ ಎಂದಳು.

ಉಳಿದ ನಾಲ್ಕು ಬಗೆಗಳನ್ನು ಕೈಬಿಟ್ಟಿದ್ದೇನೆ. ಐದನೆಯದಕ್ಕೆ ‘ವಿರಹೋತ್ಕಂಠಿತ ಪರಾರಿ’ ಎಂದು ಹೆಸರಿಟ್ಟು ಅರ್ಧ ಪುಟ ಬರೆದಿದ್ದೆ, ನಗು ಬರುವಂತೆಯೂ ಇತ್ತು. ಆ ಅವ್ವನ ಪ್ರಶ್ನೆಯ ಕೆಳಗೆ ಅದನ್ನು ಇಡಲು ಮನಸ್ಸು ಬರಲಿಲ್ಲ. ಆ ಹುಡುಗನ ಭವಿಷ್ಯ ನಿಧಿಯ ದುಡ್ಡು ಎಷ್ಟೋ ಕಾಲ ಅಲ್ಲೇ ಉಳಿಯಿತು. ಕಾರಣ, ಕಂಪನಿ ಪೋರ್ಟಲಿನಲ್ಲಿ ಅವನು ಕೆಲಸ ಬಿಟ್ಟ ದಿನಾಂಕವನ್ನು ತುಂಬಲಿಲ್ಲ. ಕಾಗದದಲ್ಲಿ ಓಡಿಹೋದವನು, ಪೋರ್ಟಲಿನಲ್ಲಿ ಇನ್ನೂ ಕೆಲಸ ಮಾಡುತ್ತಿರುವವನು. ಬಿಟ್ಟು ಎರಡು ತಿಂಗಳಾದರೆ ಆ ದಿನಾಂಕವನ್ನು ಸದಸ್ಯನೇ ತುಂಬಿಕೊಳ್ಳಬಹುದು ಎಂಬ ಸೌಲಭ್ಯ 2020ರಿಂದ ಇದೆ. ಅದನ್ನು ಅವನಿಗೆ ಹೇಳುವವರು ಯಾರು? ಚಿಟ್ಟೆಯ ಸ್ಲೈಡಿನಲ್ಲಿ ಅದು ಇರಲಿಲ್ಲ.

ಅಧ್ಯಾಯ 5: ಪೂರ್ವಪಕ್ಷಕ್ಕೆ ಸಲ್ಲಬೇಕಾದ ಗೌರವ, ಆಮೇಲೆ ಖಂಡನೆ

ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸಬೇಕೆಂಬುದು ಮೀಮಾಂಸೆಯ ಮರ್ಯಾದೆ. ಮಂಡಿಸುತ್ತೇನೆ. ಒಬ್ಬ ಹೇಳದೆ ಹೋದರೆ ಅವನ ಸ್ಟೇಷನ್ ಖಾಲಿ. ಅಸೆಂಬ್ಲಿ ಲೈನು ಯಾರನ್ನೂ ಕಾಯುವುದಿಲ್ಲ. ಅವನ ಕೆಲಸ ಪಕ್ಕದವನ ತಲೆಯ ಮೇಲೆ 12 ಗಂಟೆ, 16 ಗಂಟೆಯ ಡಬಲ್ ಡ್ಯೂಟಿಯಾಗಿ ಬೀಳುತ್ತದೆ. ಪಕ್ಕದವನೂ ನಮ್ಮಂತೆಯೇ ಯಾರದೋ ಮಗ. ಸಣ್ಣ ಕಾರ್ಖಾನೆಯ ಯಜಮಾನನಿಗೆ ಡೈ ಸೆಟ್ ಮಾಡಬಲ್ಲ ಒಬ್ಬನೇ ಒಬ್ಬ ಇದ್ದು ಅವನು ಮಾಯವಾದರೆ ಮಾಲು ತಡವಾಗಿ ದಂಡ ಬೀಳುತ್ತದೆ. ಆದ್ದರಿಂದ ಹೇಳಿ ಹೋಗುವುದು ಒಳ್ಳೆಯದು. ಇದರಲ್ಲಿ ತಕರಾರಿಲ್ಲ.

ತಕರಾರಿರುವುದು ಆ ಒಳ್ಳೆಯದನ್ನು ಒಂದೇ ಕಡೆಯಿಂದ ಕೇಳುವುದರಲ್ಲಿ.

ಹಳೆಯ ಮಾದರಿ ಸ್ಥಾಯಿ ಆದೇಶದಲ್ಲಿ ತಿಂಗಳ ಸಂಬಳದ ಕಾಯಂ ಕೆಲಸಗಾರನಿಗೆ ನೋಟಿಸ್ ಎಂದರೆ ಒಂದು ತಿಂಗಳು, ಎರಡೂ ಕಡೆಗೆ ಸಮ. ಈ ಊರಿನ ಎಷ್ಟು ಜನ ಕಾಯಂ? ಲೈನಿನ ಮೇಲೆ ನಿಂತವರಲ್ಲಿ ಹೆಚ್ಚಿನವರು ಠೇಕೇದಾರನ ಜನ, ಟ್ರೇನಿ, ಅಪ್ರೆಂಟಿಸ್, ಆರೇಳು ತಿಂಗಳಿಗೆ ಸೇರಿಸಿಕೊಂಡ ಟೆಂಪರರಿ. ಅವರಿಗೆ ನೋಟಿಸ್ ಎಂಬುದೇ ಇಲ್ಲ. ಬೆಳಿಗ್ಗೆ ಗೇಟಿನಲ್ಲಿ ಕಾರ್ಡ್ ಪಂಚ್ ಆಗುವುದಿಲ್ಲ, ಸೆಕ್ಯುರಿಟಿಯವನು ಪಕ್ಕಕ್ಕೆ ನಿಲ್ಲು ಎನ್ನುತ್ತಾನೆ. ಅದಕ್ಕೆ ಇಲ್ಲಿನ ಮಾತು ‘ಗೇಟ್ ಬಂದ್’. ಸೇಫ್ಟಿ ಶೂ ಮತ್ತು ಲಾಕರಿನ ಕೀಲಿ ಕೊಟ್ಟರೆ ಹಿಸಾಬ್ ಚುಕ್ತಾ. ಆರು ತಿಂಗಳಿಗೆ ತೆಗೆದು, ಒಂದಿಷ್ಟು ದಿನ ಬಿಟ್ಟು, ಹೊಸಬನೆಂದು ಮತ್ತೆ ತೆಗೆದುಕೊಳ್ಳುವುದಕ್ಕೆ ‘ಬ್ರೇಕ್’ ಎಂದು ಹೆಸರು. ಎಷ್ಟು ಆರಾಮದ ಹೆಸರು! ಹೀಗೆ ಕಳಿಸುವ ಕಂಪನಿಯನ್ನು ಪರಾರಿ ಎಂದು ಯಾವ ರಿಜಿಸ್ಟರ್ಡ್ ಕಾಗದವೂ ಕರೆದಿಲ್ಲ.

ಮಾನೇಸರಿನ ಇತಿಹಾಸ ಬಲ್ಲವರಿಗೆ 2011 ಮತ್ತು 2012ನ್ನು ದಾಟಿ ಹೋಗಲಾಗದು. 2011ರ ಆಗಸ್ಟ್ 29ರಂದು ಮಾರುತಿ ಸುಜುಕಿಯ ಕಾರ್ಖಾನೆಯ ಗೇಟಿನಲ್ಲಿ, ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಿದವರಿಗೆ ಮಾತ್ರ ಒಳಗೆ ಪ್ರವೇಶ ಎಂದಾಯಿತು. ಚಹಾಕ್ಕೆ ಏಳೂವರೆ ನಿಮಿಷ ಬಿಡುವು, ಅದರಲ್ಲೇ ಶೌಚಕ್ಕೆ ಹೋಗಿ ಬರಬೇಕು ಎಂಬ ದೂರುಗಳನ್ನು ಪತ್ರಿಕೆಗಳು ಬರೆದ ಕಾಲ ಅದು. ತಮಗೆ ತಮ್ಮದೇ ಸಂಘ ಬೇಕು ಎಂದು ಹಟ ಹಿಡಿದವರು 33 ದಿನ ಹೊರಗೆ ಕೂತರು. ಮರುವರ್ಷ ಜುಲೈ 18ರಂದು ಅದೇ ಕಾರ್ಖಾನೆಯೊಳಗೆ ಗಲಭೆ, ಬೆಂಕಿ. ಮಾನವ ಸಂಪನ್ಮೂಲ ವಿಭಾಗದ ಜನರಲ್ ಮ್ಯಾನೇಜರ್ ಅವನೀಶ್ ಕುಮಾರ್ ದೇವ್ ಸತ್ತರು. ಆ ಸಾವನ್ನು ಈ ಅಣಕದ ಯಾವ ಸಾಲಿನೊಳಗೂ ನಾನು ತುರುಕಲಾರೆ. ಅದು ಕೊಲೆ, ಅಷ್ಟೆ. ಆದರೆ ಅದರ ಮುಂದಿನದನ್ನೂ ಹೇಳಬೇಕು. 148 ಜನರ ಮೇಲೆ ಮೊಕದ್ದಮೆ ನಡೆಯಿತು. 2017ರ ಮಾರ್ಚ್‌ನಲ್ಲಿ ಗುರುಗ್ರಾಮದ ನ್ಯಾಯಾಲಯ 31 ಜನ ತಪ್ಪಿತಸ್ಥರೆಂದಿತು, 13 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, 117 ಜನರನ್ನು ಬಿಡುಗಡೆ ಮಾಡಿತು. ಬಿಡುಗಡೆಯಾದವರಲ್ಲಿ ಅನೇಕರು ವರ್ಷಗಟ್ಟಲೆ ಜೈಲಿನಲ್ಲಿ ಕಳೆದಿದ್ದರು. ಇದು ನ್ಯಾಯಾಲಯದ ಲೆಕ್ಕ. ಕಂಪನಿಯ ಲೆಕ್ಕ ಅದಕ್ಕಿಂತ ಬಹಳ ಮೊದಲೇ ಮುಗಿದಿತ್ತು. ಗಲಭೆಯಾದ ತಿಂಗಳೊಪ್ಪತ್ತಿನಲ್ಲಿ ಕಾರ್ಖಾನೆಯ ಬಾಗಿಲು ಮತ್ತೆ ತೆರೆದಾಗ ಸುಮಾರು 500 ಕಾಯಂ ಕಾರ್ಮಿಕರಿಗೆ ಒಳಗೆ ಜಾಗವಿರಲಿಲ್ಲ. ಆರೋಪಪಟ್ಟಿಯಲ್ಲಿ ಹೆಸರಿಲ್ಲದ ನೂರಾರು ಜನ ಅದರಲ್ಲಿದ್ದರು. ವಿಚಾರಣೆಯನ್ನೇ ನಡೆಸದೆ ನಮ್ಮನ್ನು ತೆಗೆದರು ಎಂಬ ಅವರ ದೂರು ಹಳತಾಗಿದೆ, ಹೋಗಿಲ್ಲ.

ಐನೂರು ಜನರನ್ನು ಒಟ್ಟಿಗೆ ಕೆಲಸದಿಂದ ತೆಗೆಯಬಲ್ಲ ಲೋಕದಲ್ಲಿ, ಸತ್ತ ಅಪ್ಪನ ಮನೆಯಲ್ಲಿ ಉಳಿದುಬಿಟ್ಟ ಒಬ್ಬನನ್ನು ‘ಪರಾರಿ’ ಎಂದು ಕರೆಯಲು ನಾಲಿಗೆ ಹೇಗೆ ಹೊರಳುತ್ತದೆ? ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಐನೂರು ಜನರನ್ನು ತೆಗೆಯುವುದಕ್ಕೆ ಶಾಸ್ತ್ರದಲ್ಲಿರುವ ಪದಗಳನ್ನು ನೋಡಿ: ರೈಟ್‌ಸೈಜಿಂಗ್, ರೀಸ್ಟ್ರಕ್ಚರಿಂಗ್, ಮ್ಯಾನ್‌ಪವರ್ ಆಪ್ಟಿಮೈಸೇಷನ್. ಮಾಲೀಕ ಮಾಡುವ ಪ್ರತಿ ಪಾಪಕ್ಕೂ ಇಸ್ತ್ರಿ ಹಾಕಿದ ಒಂದು ಹೆಸರು ಸಿದ್ಧವಿದೆ. ಕೆಲಸಗಾರನ ಪಾಪಕ್ಕೆ ಮಾತ್ರ ಪೊಲೀಸ್ ಠಾಣೆಯ ಗೋಡೆಯಿಂದ ಹೆಸರು ತಂದರು.

ಇನ್ನೊಂದು ತೌಲನಿಕ ಟಿಪ್ಪಣಿ. ಮಾನೇಸರಿನ ದೊಡ್ಡ ಗೇಟುಗಳ ಮೇಲಿನ ಹೆಸರುಗಳಲ್ಲಿ ಹಲವು ಜಪಾನಿನವು. ಬೆಳಿಗ್ಗೆ ಸಾಲಾಗಿ ನಿಂತು ಮಾಡುವ ಕಸರತ್ತು, ಕೈಜೆನ್, ಐದು ‘ಎಸ್’ಗಳ ಪಟ್ಟಿ ಎಲ್ಲವನ್ನೂ ಸುತ್ತಲಿನ ಬಿಡಿಭಾಗದ ಕಾರ್ಖಾನೆಗಳು ಅಲ್ಲಿಂದ ಭಕ್ತಿಯಿಂದ ತರಿಸಿಕೊಂಡವು. ಜಪಾನಿನ ಸಿವಿಲ್ ಸಂಹಿತೆಯ 627ನೇ ವಿಧಿಯನ್ನು ಮಾತ್ರ ಕಂಟೇನರಿನಲ್ಲೇ ಮರೆತರು. ಅದರ ಪ್ರಕಾರ, ಅವಧಿ ಗೊತ್ತುಮಾಡದ ನೌಕರಿಯನ್ನು ಬಿಡಲು ಎರಡು ವಾರದ ಮುನ್ಸೂಚನೆ ಸಾಕು. ಮುಖ ನೋಡಿ ಹೇಳಲು ಸಂಕೋಚವಾದರೆ ನಿಮ್ಮ ಪರವಾಗಿ ಫೋನು ಮಾಡಿ ರಾಜೀನಾಮೆ ಕೊಡುವ ಏಜೆನ್ಸಿಗಳೂ ಅಲ್ಲಿ ಇವೆ; ಶುಲ್ಕ ಕೊಟ್ಟರೆ ಮಾರನೆಯ ದಿನದಿಂದ ಕಚೇರಿಯ ಕಡೆ ತಲೆ ಹಾಕಬೇಕಾಗಿಲ್ಲ. ಇಂಥ ಏಜೆನ್ಸಿಯೊಂದು ಕಾಸನ್‌ನಲ್ಲಿ ಅಂಗಡಿ ತೆರೆದರೆ ಪಕ್ಕದ ಮೊಬೈಲ್ ರೀಚಾರ್ಜಿನವನಿಗಿಂತ ಹೆಚ್ಚು ವ್ಯಾಪಾರವಾಗುತ್ತದೆ.

ಅಧ್ಯಾಯ 6: ಫಲಶ್ರುತಿ

ಗ್ರಂಥ ಓದಿದವರಿಗೆ ಫಲ ಹೇಳುವುದು ಸಂಪ್ರದಾಯ. ಈ ಮೀಮಾಂಸೆಯನ್ನು ಓದಿದ ಎಚ್‌ಆರ್ ಅಧಿಕಾರಿಗೆ ಇನ್‌ಕ್ರಿಮೆಂಟ್ ಆಗುವುದಿಲ್ಲ. ಟ್ರೇನಿಗೆ ರಜೆ ಸಿಗುವುದಿಲ್ಲ. ಠೇಕೇದಾರ ಓದುವುದಿಲ್ಲ.

ಆದರೂ ಕೆಲವು ಸಂಗತಿಗಳನ್ನು ಪರಿಭಾಷೆ ಬಿಟ್ಟು ಹೇಳಿ ಮುಗಿಸುತ್ತೇನೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ, ಕೆಲಸಗಾರ ತಾನೇ ಬಿಟ್ಟರೂ, ಕಂಪನಿ ತೆಗೆದರೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು ಎಂದಿದೆ. ಫುಲ್ ಆಂಡ್ ಫೈನಲ್ ಎಂದು ನಲವತ್ತೈದು ದಿನ ಸತಾಯಿಸುವ ಹಳೇ ಚಾಳಿ ಈಗ ಕಾನೂನಿಗೆ ವಿರುದ್ಧ. ಇದನ್ನು ಊರಿನಿಂದ ಹೊರಡುವ ಪ್ರತಿ ಹುಡುಗ, ಹುಡುಗಿಗೆ ಐಟಿಐಯಲ್ಲೇ, ಕ್ಯಾಂಪಸ್ ಸಂದರ್ಶನದ ದಿನವೇ ಕನ್ನಡದಲ್ಲಿ ಹೇಳಿಕೊಡಬೇಕು. ಭವಿಷ್ಯ ನಿಧಿಯ ಪಾಸ್‌ವರ್ಡನ್ನು ಠೇಕೇದಾರನ ಮುನ್ಷಿಯ ಕೈಗೆ ಕೊಡಬಾರದು ಎಂದೂ, ಆಫರ್ ಲೆಟರಿನ ಕೊನೆಯ ಪುಟವನ್ನು ಮೊದಲು ಓದಬೇಕು ಎಂದೂ ಹೇಳಿಕೊಡಬೇಕು. ಬಸ್ಸು, ರೈಲು ಹತ್ತಿಸಿ ಕಳಿಸುವಾಗ ಚಟ್ನಿಪುಡಿ ಕಟ್ಟಿಕೊಡುವ ನಾವು ಇದನ್ನು ಕಟ್ಟಿಕೊಡುವುದಿಲ್ಲ.

ಸಾವು, ಕಾಯಿಲೆಗೆ ಕೊಡುವ ರಜೆಯನ್ನು ಊರಿನ ದೂರಕ್ಕೆ ತಕ್ಕಂತೆ ಕೊಡಬೇಕು. ಇಲ್ಲೇ ಹತ್ತಿರದ ರೇವಾಡಿಯವನಿಗೂ ಯಾದಗಿರಿಯವನಿಗೂ ಎರಡೇ ದಿನ ಎಂದರೆ ಅದು ಸಮಾನತೆ ಅಲ್ಲ, ರೈಲ್ವೆ ಟೈಂಟೇಬಲ್ ನೋಡದ ಸೋಮಾರಿತನ.

ಕೊನೆಯದು, ಮುಖ್ಯವಾದದ್ದು. ನೋಟಿಸ್ ಎಷ್ಟು ದಿನ ಎಂಬುದರ ಮೇಲೆ ನನ್ನ ಜಗಳವಿಲ್ಲ. ಮೂವತ್ತಿರಲಿ, ತೊಂಬತ್ತಿರಲಿ. ಆ ಅಂಕಿ ಎರಡೂ ಕಡೆಗೆ ಒಂದೇ ಇರಲಿ. ಕಾಯಂ ಆದವನಿಗೂ, ಠೇಕೆಯವನಿಗೂ ಒಂದೇ ಇರಲಿ. ತೊಂಬತ್ತು ದಿನ ಮುಂಚೆ ಹೇಳು ಎನ್ನುವ ಕಂಪನಿ, ಗೇಟ್ ಬಂದ್ ಮಾಡುವ ತೊಂಬತ್ತು ದಿನ ಮುಂಚೆ ತಾನೂ ಹೇಳಲಿ, ರಿಜಿಸ್ಟರ್ಡ್ ಅಂಚೆಯಲ್ಲೇ ಹೇಳಲಿ. ಹಾಗೆ ಹೇಳುವ ಕಂಪನಿಯಿಂದ ಯಾರಾದರೂ ಕದ್ದು ಓಡಿದರೆ ಅವನು ಖಂಡಿತ ಪರಾರಿ, ಅವನ ವಿರುದ್ಧ ಇನ್ನೊಂದು ಪ್ರಬಂಧವನ್ನು ನಾನೇ ಬರೆಯುತ್ತೇನೆ. ಅಲ್ಲಿಯವರೆಗೆ ಹೇಳದೆ ಹೋದವರು ಕೆಲಸ ಬಿಟ್ಟವರು ಮಾತ್ರ. ಅವರ ಕಾಗದದಲ್ಲಿ ಅಷ್ಟನ್ನೇ ಬರೆಯಿರಿ, ಅವರ ಅವ್ವಂದಿರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಿರಿ.